ಪ್ರೀಆಂಪ್ ಕೊಳ್ಳುವ ಮೊದಲು: ರಾತ್ರಿ ಕೇಳುವಾಗ ನಿಮ್ಮ ವಾಲ್ಯೂಮ್ ನಾಬ್ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ನನ್ನ ಹತ್ತಿರ ಒಂದು ಒಳ್ಳೆಯ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಇದೆ. ಆರ್‌ಸಿಎ ಸಾಕೆಟ್ಟಿನಲ್ಲಿ 2 ವೋಲ್ಟ್, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ಟಿನಲ್ಲಿ 4 ವೋಲ್ಟ್ ಕೊಡುತ್ತದೆ, ಅದರಲ್ಲೇ ವಾಲ್ಯೂಮ್ ಕೂಡ ಇದೆ. ಸ್ಪೀಕರ್ ಓಡಿಸುವ ಪವರ್ ಆಂಪ್ 150 ವ್ಯಾಟ್, ಗೇನ್ 29 ಡೆಸಿಬೆಲ್, ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲಿಗೆ ಒಡ್ಡುವ ತಡೆ) 10 ಕಿಲೋ ಓಮ್. ಸ್ಪೀಕರ್ ದೊಡ್ಡವು, ಸೆನ್ಸಿಟಿವಿಟಿ (1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) 90 ಡೆಸಿಬೆಲ್. ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್, ಅಂದರೆ ರೆಕಾರ್ಡಿನ ಮೇಲೆ ಓಡುವ ಮುಳ್ಳಿನ ಭಾಗ, ಇರುವ ಟರ್ನ್‌ಟೇಬಲ್ ಒಂದಿದೆ. ಸದ್ಯಕ್ಕೆ ಹಳೆಯ ಇಂಟಿಗ್ರೇಟೆಡ್ ಆಂಪಿನ (ಪ್ರೀಆಂಪ್, ಪವರ್ ಆಂಪ್ ಒಂದೇ ಪೆಟ್ಟಿಗೆಯಲ್ಲಿರುವುದು) ಪ್ರೀ-ಔಟ್ ಬಳಸುತ್ತಿದ್ದೇನೆ. ಈಗ ಒಂದು ಹೈ-ಎಂಡ್ ಪ್ರೀಆಂಪ್ (ಇನ್‌ಪುಟ್ ಆರಿಸಿ, ವಾಲ್ಯೂಮ್ ಹೊಂದಿಸಿ ಪವರ್ ಆಂಪಿಗೆ ಕೊಡುವ ಪೆಟ್ಟಿಗೆ) ತೆಗೆದುಕೊಳ್ಳಬೇಕು. ಎರಡು ಮನಸ್ಸಿನಲ್ಲಿವೆ. ಒಂದು ಟ್ಯೂಬಿನದು, ಗೇನ್ 20 ಡೆಸಿಬೆಲ್. ಇನ್ನೊಂದು ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರಿನದು), ಗೇನ್ 0, 6, 12 ಎಂದು ಬದಲಿಸಿಕೊಳ್ಳಬಹುದು. ನಾನು ಜಾಸ್ತಿ ಕೇಳುವುದು ರಾತ್ರಿ, ಸಣ್ಣ ದನಿಯಲ್ಲಿ. ಯಾವುದು ಸರಿ? ಪ್ರೀಆಂಪೇ ಬೇಡ, ಡ್ಯಾಕನ್ನು ನೇರವಾಗಿ ಪವರ್ ಆಂಪಿಗೆ ಕೊಡು ಎನ್ನುತ್ತಾನೆ ಗೆಳೆಯ. ಅದು ನಿಜವೇ?

ಉತ್ತರ: ಅಂಕಿಗಳನ್ನು ಬರೆದು ಕಳಿಸಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಸಾಮಾನ್ಯವಾಗಿ ಇಂಥ ಪ್ರಶ್ನೆಗಳಲ್ಲಿ ಬ್ರ್ಯಾಂಡ್ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಟ್ಯೂಬೋ ಸಾಲಿಡ್ ಸ್ಟೇಟೋ ಅನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ಲೆಕ್ಕ ಮಾಡೋಣ.

ಗೇನ್ 29 ಡೆಸಿಬೆಲ್ ಅಂದರೆ ನಿಮ್ಮ ಪವರ್ ಆಂಪ್ ಒಳಗೆ ಬಂದ ವೋಲ್ಟೇಜನ್ನು ಸುಮಾರು 28 ಪಟ್ಟು ಮಾಡಿ ಸ್ಪೀಕರಿಗೆ ಕೊಡುತ್ತದೆ. 8 ಓಮ್ ಸ್ಪೀಕರಿಗೆ 150 ವ್ಯಾಟ್ ತಲುಪಬೇಕಾದರೆ 34.6 ವೋಲ್ಟ್ ಬೇಕು. ಅದನ್ನು 28ರಿಂದ ಭಾಗಿಸಿದರೆ ಸುಮಾರು 1.2 ವೋಲ್ಟ್. ಅಂದರೆ ಆಂಪಿನ ಉಸಿರು ಕಟ್ಟುವಷ್ಟು ಕೂಗಿಸುವುದಕ್ಕೂ 1.2 ವೋಲ್ಟ್ ಸಾಕು. ನಿಮ್ಮ ಡ್ಯಾಕ್ ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್ ಕೊಡುತ್ತಿದೆ. ಪ್ರೀಆಂಪ್ ಇಲ್ಲದೆಯೇ 10 ಡೆಸಿಬೆಲ್ ಹೆಚ್ಚಾಗಿದೆ.

ಈಗ ರಾತ್ರಿಯ ಲೆಕ್ಕ. ಕೂತ ಜಾಗದಲ್ಲಿ ಸರಾಸರಿ 65 ಡೆಸಿಬೆಲ್ ಇದೆ ಎಂದುಕೊಳ್ಳಿ, ಎದುರು ಕೂತು ಮಾತಾಡುವಷ್ಟು ಸದ್ದು. ಎರಡು ಸ್ಪೀಕರ್ ಸೇರಿ, ಕೋಣೆಯ ಪ್ರತಿಫಲನವೂ ಸೇರಿ, 1 ವ್ಯಾಟಿಗೆ ನಿಮ್ಮ ಕುರ್ಚಿಯ ಹತ್ತಿರ ಹೆಚ್ಚುಕಡಿಮೆ 85 ಡೆಸಿಬೆಲ್ ಸಿಗುತ್ತದೆ. 65 ಬೇಕಾದರೆ ಒಂದು ವ್ಯಾಟಿನ ನೂರನೇ ಒಂದು ಭಾಗ ಸಾಕು. ಸ್ಪೀಕರಿನ ತುದಿಯಲ್ಲಿ 0.28 ವೋಲ್ಟ್, ಪವರ್ ಆಂಪಿನ ಬಾಯಲ್ಲಿ ಬರೀ 10 ಮಿಲಿವೋಲ್ಟ್. ಸಂಗೀತದ ಸರಾಸರಿ ಮಟ್ಟ ಅದರ ಗರಿಷ್ಠ ಮಟ್ಟಕ್ಕಿಂತ 15 ಡೆಸಿಬೆಲ್ ಕೆಳಗಿರುತ್ತದೆ ಎಂದಿಟ್ಟುಕೊಂಡರೆ ಡ್ಯಾಕ್‌ನಿಂದ ಬರುವುದು ಸುಮಾರು 0.7 ವೋಲ್ಟ್. ಇದನ್ನು 10 ಮಿಲಿವೋಲ್ಟಿಗೆ ಇಳಿಸಬೇಕು, ಅಂದರೆ 37 ಡೆಸಿಬೆಲ್ ಕಡಿತ.

ಗಮನಿಸಿದಿರಾ? ನಿಮಗೆ ಬೇಕಾಗಿರುವುದು ಗೇನ್ ಅಲ್ಲ, ಕಡಿತ.

ಇಂಥ ಕಡೆ 20 ಡೆಸಿಬೆಲ್ ಗೇನ್ ಇರುವ ಟ್ಯೂಬ್ ಪ್ರೀಆಂಪ್ ತಂದಿಟ್ಟರೆ ಏನಾಗುತ್ತದೆ? ಅದು ಸಿಗ್ನಲನ್ನು ಹತ್ತು ಪಟ್ಟು ಏರಿಸುತ್ತದೆ. ಆ ಏರಿಕೆಯನ್ನೂ ಸೇರಿಸಿ ವಾಲ್ಯೂಮ್ ಕಂಟ್ರೋಲ್ ಈಗ 57 ಡೆಸಿಬೆಲ್ ಇಳಿಸಬೇಕು. ನಾಬ್ ಎಂಟು ಗಂಟೆಯ ಜಾಗ ಬಿಟ್ಟು ಮೇಲೆ ಏಳುವುದೇ ಇಲ್ಲ. ಕೂದಲೆಳೆಯಷ್ಟು ತಿರುಗಿಸಿದರೆ ಜೋರು, ಹಿಂದೆ ತಂದರೆ ಸದ್ದೇ ಇಲ್ಲ. ಇದು ಬರೀ ಕಿರಿಕಿರಿಯ ಮಾತಲ್ಲ. ಸಾಮಾನ್ಯ ವಾಲ್ಯೂಮ್ ಪಾಟ್ (ನಾಬಿನ ಹಿಂದೆ ತಿರುಗುವ ರೆಸಿಸ್ಟರ್) ಒಳಗೆ ಎಡಕ್ಕೊಂದು ಬಲಕ್ಕೊಂದು ರೆಸಿಸ್ಟರ್ ಪಟ್ಟಿ ಇರುತ್ತದೆ. ಮಧ್ಯದಲ್ಲಿ ಅವೆರಡೂ ಚೆನ್ನಾಗಿ ಜೊತೆಯಾಗಿ ಸಾಗುತ್ತವೆ. ಕೆಳತುದಿಗೆ ಬಂದಾಗ ಹೊಂದಾಣಿಕೆ ತಪ್ಪುತ್ತದೆ. ಅಲ್ಲಿ ಎರಡು ಬದಿಗೂ 2-3 ಡೆಸಿಬೆಲ್ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ನಡುವೆ ನಿಂತು ಹಾಡಬೇಕಾದವರು ಎಡಕ್ಕೋ ಬಲಕ್ಕೋ ಸರಿದು ನಿಲ್ಲುತ್ತಾರೆ. ಎಷ್ಟೇ ದುಡ್ಡು ಕೊಟ್ಟಿದ್ದರೂ ರಾತ್ರಿಯ ಹೊತ್ತು ನಿಮ್ಮ ಸ್ಟೀರಿಯೋ ಚಿತ್ರ ಸೊಟ್ಟ.

ಪ್ರೀಆಂಪುಗಳಿಗೆ ಇಷ್ಟು ಗೇನ್ ಯಾಕೆ ಬಂತು ಅನ್ನುವುದಕ್ಕೆ ಕಾರಣವಿದೆ. 1950ರ ದಶಕದ ಕೊನೆಯಲ್ಲಿ ಬಂದ ಮರಾಂಟ್ಜ್ 7 ಪ್ರೀಆಂಪ್ ನೋಡಿ. ಅದರಲ್ಲಿ ಆರು 12ಎಎಕ್ಸ್7 ಟ್ಯೂಬ್‌ಗಳು. ಆಗ ಮುಖ್ಯ ಮೂಲ ಎಂದರೆ ಗ್ರಾಮಫೋನ್ ತಟ್ಟೆ. ಕಾರ್ಟ್ರಿಜ್ ಕೊಡುತ್ತಿದ್ದದ್ದು ಕೆಲವೇ ಮಿಲಿವೋಲ್ಟ್. ಟ್ಯೂನರ್, ಟೇಪ್ ಡೆಕ್ ಕೂಡ ಒಂದು ವೋಲ್ಟಿಗಿಂತ ಕೆಳಗೇ ಇರುತ್ತಿದ್ದವು. ಅದನ್ನು ಮೇಲೆತ್ತುವ ಕೆಲಸ ಯಾರಾದರೂ ಮಾಡಲೇಬೇಕಿತ್ತು. 1982ರಲ್ಲಿ ಸಿಡಿ ಬಂದ ಮೇಲೆ 2 ವೋಲ್ಟ್ ರೂಢಿಯಾಯಿತು. ಮೂಲ ಬದಲಾಯಿತು, ಆದರೆ ಅನೇಕ ಪ್ರೀಆಂಪುಗಳ ಗೇನ್ ಹಳೆಯ ಕಾಲದಲ್ಲೇ ನಿಂತುಬಿಟ್ಟಿತು.

ಹಾಗಂತ ಎಲ್ಲರಿಗೂ ಗೇನ್ ಬೇಡ ಎಂದು ಹೇಳಲಾರೆ. ಬೆಂಚ್‌ಮಾರ್ಕ್ ಎಎಚ್‌ಬಿ2 ಎಂಬ ಪವರ್ ಆಂಪನ್ನು ಅದರ ಕಡಿಮೆ ಗೇನಿಗೆ ಇಟ್ಟರೆ ಪೂರ್ತಿ ಪವರ್‌ಗೆ 9.8 ವೋಲ್ಟ್ ಕೇಳುತ್ತದೆ. ಅಲ್ಲಿಗೆ 2 ವೋಲ್ಟ್ ಕೊಟ್ಟರೆ 8 ಓಮ್‌ನಲ್ಲಿ ಸಿಗುವುದು ಬರೀ 4 ವ್ಯಾಟ್. ಅಂಥ ಆಂಪ್ ಇದ್ದವರಿಗೆ ಗಟ್ಟಿ ಪ್ರೀಆಂಪ್ ಬೇಕು. ನಿಮ್ಮದು ಅದಕ್ಕೆ ಪೂರಾ ಉಲ್ಟಾ.

ಹಾಗಾಗಿ ನಿಮಗೆ ಪ್ರೀಆಂಪಿನಲ್ಲಿ ನೋಡಬೇಕಾದ ಮೊದಲ ಭಾಗ ವಾಲ್ಯೂಮ್ ಕಂಟ್ರೋಲ್. ಕರಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಆಲ್ಪ್ಸ್ ಕಂಪನಿಯ ನೀಲಿ ಪಾಟ್ ಅನೇಕ ಒಳ್ಳೆಯ ಪೆಟ್ಟಿಗೆಗಳಲ್ಲಿ ಇರುತ್ತದೆ. ಅದು ಕೆಟ್ಟದ್ದಲ್ಲ, ಆದರೆ ಪಾಟ್ ಪಾಟೇ. ಕೆಳತುದಿಯ ತೊಂದರೆ ಅದಕ್ಕೂ ತಪ್ಪಿದ್ದಲ್ಲ. ಸ್ವಿಚ್ಚಿನ ಮೇಲೆ ರೆಸಿಸ್ಟರ್ ಕೂರಿಸಿದ ಸ್ಟೆಪ್ಡ್ ಅಟೆನ್ಯುಯೇಟರ್‌ನಲ್ಲಿ (ಮೆಟ್ಟಿಲು ಮೆಟ್ಟಿಲಾಗಿ ಸಿಗ್ನಲ್ ಇಳಿಸುವ ಸಾಧನ) ಎಡಬಲ ಹೊಂದಾಣಿಕೆ ಬಹಳ ಚೆನ್ನಾಗಿರುತ್ತದೆ. ಆದರೆ 24 ಮೆಟ್ಟಿಲಿನದಾದರೆ ಒಂದೊಂದು ಮೆಟ್ಟಿಲೂ 2-3 ಡೆಸಿಬೆಲ್. ನಿಮಗೆ ಬೇಕಾದ ಸದ್ದು ಯಾವಾಗಲೂ ಎರಡು ಮೆಟ್ಟಿಲಿನ ನಡುವೆ ಇರುತ್ತದೆ! ರಾತ್ರಿ ಕೇಳುವವರಿಗೆ ಅದರಲ್ಲಿ ಬಳಕೆಗೆ ಬರುವುದು ಮೂರೋ ನಾಲ್ಕೋ ಜಾಗ ಮಾತ್ರ.

ನನಗೆ ಇಷ್ಟವಾದದ್ದು ರಿಲೇ (ವಿದ್ಯುತ್ತಿನಿಂದ ಓಡುವ ಪುಟ್ಟ ಸ್ವಿಚ್) ಬಳಸುವ ಅಟೆನ್ಯುಯೇಟರ್. ಬೆಂಚ್‌ಮಾರ್ಕ್‌ನ ಎಲ್‌ಎ4 ಪ್ರೀಆಂಪಿನಲ್ಲಿ ಅರ್ಧ ಡೆಸಿಬೆಲ್‌ನ 256 ಮೆಟ್ಟಿಲುಗಳಿವೆ. ತಿರುಗಿಸುವಾಗ ಒಳಗೆ ಟಿಕ್ ಟಿಕ್ ಎನ್ನುತ್ತದೆ. ಕೆಲವರಿಗೆ ಆ ಸದ್ದು ಆಗಿಬರುವುದಿಲ್ಲ, ನನಗೆ ಖುಷಿಯೇ. ಇನ್ನು ಚಿಪ್ಪಿನ ವಾಲ್ಯೂಮ್: ಸಿಎಸ್3310, ಪಿಜಿಎ2320, ಮ್ಯೂಸಸ್ 72320 ಹೀಗೆ. "ಚಿಪ್ಪಾ? ಹೈ-ಎಂಡಲ್ಲಾ?" ಎಂದು ಮೂಗು ಮುರಿಯುವವರಿದ್ದಾರೆ. ಸಣ್ಣ ದನಿಯಲ್ಲಿ ಎಡಬಲ ಸಮ ಇಡುವ ವಿಷಯದಲ್ಲಿ ಒಂದು ಒಳ್ಳೆಯ ಚಿಪ್ ದುಬಾರಿ ಪಾಟನ್ನು ಸುಲಭವಾಗಿ ಸೋಲಿಸುತ್ತದೆ.

ಈಗ ಟ್ಯೂಬ್ ವಿಷಯ. ನಿಮ್ಮ ಪವರ್ ಆಂಪಿನ 10 ಕಿಲೋ ಓಮ್ ಇಲ್ಲಿ ಅಡ್ಡ ಬರುತ್ತದೆ. ಟ್ಯೂಬ್ ಪ್ರೀಆಂಪಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇರುತ್ತದೆ, ಒಳಗಿನ ಡಿಸಿ ಹೊರಗೆ ಬಾರದಿರಲಿ ಎಂದು. ಅದೂ ಪವರ್ ಆಂಪಿನ ಇಂಪಿಡೆನ್ಸೂ ಸೇರಿ ಒಂದು ಫಿಲ್ಟರ್ ಆಗುತ್ತವೆ. 1 ಮೈಕ್ರೋಫ್ಯಾರಡ್ ಕೆಪಾಸಿಟರ್, 100 ಕಿಲೋ ಓಮ್ ಆಂಪ್ ಆದರೆ ಆ ಫಿಲ್ಟರ್ 1.6 ಹರ್ಟ್ಜ್‌ನಲ್ಲಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಅದೇ ಕೆಪಾಸಿಟರ್ 10 ಕಿಲೋ ಓಮ್‌ಗೆ ಬಂದರೆ 16 ಹರ್ಟ್ಜ್. 20 ಹರ್ಟ್ಜ್‌ನಲ್ಲಿ 2 ಡೆಸಿಬೆಲ್ ಹೋಯಿತು, 40ರಲ್ಲಿ ಅರ್ಧ ಡೆಸಿಬೆಲ್‌ಗಿಂತ ಚೂರು ಜಾಸ್ತಿ. ಶೆಲ್ಫಿನ ಮೇಲಿಡುವ ಸಣ್ಣ ಸ್ಪೀಕರ್ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಿಮ್ಮದು ದೊಡ್ಡ ಸ್ಪೀಕರ್. "ಟ್ಯೂಬ್ ಹಾಕಿದ ಮೇಲೆ ಬೇಸ್ ಸ್ವಲ್ಪ ತೆಳುವಾಯಿತು, ಆದರೆ ಮಧ್ಯದ ದನಿ ಸಿಹಿಯಾಯಿತು" ಎನ್ನುವವರಲ್ಲಿ ಎಷ್ಟು ಜನ ಟ್ಯೂಬ್ ಕೇಳುತ್ತಿದ್ದಾರೆ, ಎಷ್ಟು ಜನ ಈ ಫಿಲ್ಟರ್ ಕೇಳುತ್ತಿದ್ದಾರೆ ಅನ್ನುವ ಅನುಮಾನ ನನಗೆ ಯಾವಾಗಲೂ ಇದೆ.

ತಯಾರಕರಿಗೆ ಇದು ಗೊತ್ತಿದೆ. ಆಡಿಯೋ ರಿಸರ್ಚ್ ತನ್ನ ರೆಫರೆನ್ಸ್ ಪ್ರೀಆಂಪುಗಳ ಕೈಪಿಡಿಯಲ್ಲೇ ಎದುರಿನ ಆಂಪ್ ಕನಿಷ್ಠ 20 ಕಿಲೋ ಓಮ್ ಇರಲಿ ಎನ್ನುತ್ತದೆ. ಪ್ರೀಆಂಪಿನ ಔಟ್‌ಪುಟ್ ಇಂಪಿಡೆನ್ಸಿಗಿಂತ ಪವರ್ ಆಂಪಿನದು ಹತ್ತು ಪಟ್ಟಾದರೂ ಇರಬೇಕು ಎಂಬ ಮಾತು ಕೇಳಿರಬಹುದು. ಅದು ಸರಿ. ಆದರೆ ಕರಪತ್ರದಲ್ಲಿ ಬರೆಯುವ ಔಟ್‌ಪುಟ್ ಇಂಪಿಡೆನ್ಸ್ 1 ಕಿಲೋಹರ್ಟ್ಜ್‌ನದು. ಟ್ಯೂಬಿನಲ್ಲಿ ಅದು 20 ಹರ್ಟ್ಜ್‌ಗೆ ಬರುವಾಗ ಹಲವು ಪಟ್ಟು ಏರಿರಬಹುದು, ಕಾರಣ ಅದೇ ಕೆಪಾಸಿಟರ್. 20 ಹರ್ಟ್ಜ್‌ನಲ್ಲಿ ಎಷ್ಟು ಎಂದು ಕೇಳಿ. ಉತ್ತರ ಕೊಡದ ಮಾರಾಟಗಾರರ ಹತ್ತಿರ ಮುಂದಿನ ಪ್ರಶ್ನೆ ಕೇಳಬೇಕಾಗಿಲ್ಲ.

ಮೂರನೆಯದು ಗದ್ದಲ. ವಾಲ್ಯೂಮ್ ಕಂಟ್ರೋಲ್ ಆದಮೇಲೆ ಪ್ರೀಆಂಪಿನೊಳಗೆ ಹುಟ್ಟುವ ಹಿಸ್ ಸದ್ದನ್ನು ನಾಬ್ ಕಡಿಮೆ ಮಾಡಲಾರದು. ಅದು ಸೀದಾ ಪವರ್ ಆಂಪಿಗೆ ಹೋಗಿ 28 ಪಟ್ಟಾಗುತ್ತದೆ. ಪ್ರೀಆಂಪಿನ ಹೊರತುದಿಯಲ್ಲಿ 50 ಮೈಕ್ರೋವೋಲ್ಟ್ ಗದ್ದಲ ಇದ್ದರೆ ನಿಮ್ಮ ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ ಅದು ಸುಮಾರು 24 ಡೆಸಿಬೆಲ್. ನಿಶ್ಶಬ್ದ ರಾತ್ರಿಯಲ್ಲಿ ಹತ್ತಿರ ಹೋದರೆ ಕೇಳುತ್ತದೆ. 5 ಮೈಕ್ರೋವೋಲ್ಟ್ ಆದರೆ 4 ಡೆಸಿಬೆಲ್, ಕೇಳುವುದಿಲ್ಲ. ಒಳ್ಳೆಯ ಸಾಲಿಡ್ ಸ್ಟೇಟ್ ಪ್ರೀಆಂಪ್ 5ರ ಆಸುಪಾಸು ಮುಟ್ಟುವುದು ಕಷ್ಟವಲ್ಲ. ಟ್ಯೂಬಿಗೆ ಕಷ್ಟ. ಅದೇ ಪ್ರೀಆಂಪನ್ನು 100 ಡೆಸಿಬೆಲ್ ಹಾರ್ನ್ ಸ್ಪೀಕರಿಗೆ ಕೊಟ್ಟರೆ ಈ ಅಂಕಿಗಳಿಗೆ ಇನ್ನೂ 10 ಸೇರಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದೆ ಅಂತ ನಾನು ಟ್ಯೂಬಿನ ವೈರಿ ಎಂದುಕೊಳ್ಳಬೇಡಿ. ಹೊಂದುವ ಕಡೆ ಟ್ಯೂಬ್ ಪ್ರೀಆಂಪ್ ಬಹಳ ಸೊಗಸಾಗಿರುತ್ತದೆ. ಅದರ ಸೆಕೆಂಡ್ ಹಾರ್ಮೋನಿಕ್ ಡಿಸ್ಟಾರ್ಷನ್ (ಮೂಲ ಸ್ವರಕ್ಕೆ ಅದರ ಎರಡರಷ್ಟು ಕಂಪನದ ಸ್ವರ ಸೇರುವುದು) ದನಿಗೆ ಒಂದು ತುಂಬುತನ ಕೊಡುತ್ತದೆ, ಅದು ಇಷ್ಟವಾದರೆ ಇಷ್ಟ. ಅದಕ್ಕೆ ನಾಚಬೇಕಾಗಿಲ್ಲ. ನಿಮ್ಮ ಈ ಪವರ್ ಆಂಪಿನ ಜೊತೆಗೆ ಮಾತ್ರ ಅದರ ಜೋಡಿ ಸರಿಯಿಲ್ಲ.

ಇನ್ನು ಗೆಳೆಯರ ಮಾತು. ಅವರು ಹೇಳಿದ್ದು ತಪ್ಪಲ್ಲ. ಡ್ಯಾಕಿನ ವಾಲ್ಯೂಮ್ ಇಳಿಸಿದರೆ ಬಿಟ್ ಕಳೆದುಹೋಗುತ್ತದೆ ಎಂಬ ಭಯ 16 ಬಿಟ್ ಕಾಲದ್ದು. ಇಂದಿನ ಡ್ಯಾಕ್‌ಗಳಲ್ಲಿ ನೋಡಬೇಕಾದ್ದು ಗದ್ದಲ ಮಾತ್ರ. 4 ವೋಲ್ಟಿನ ಎದುರು 120 ಡೆಸಿಬೆಲ್ ಕೆಳಗೆ ಎಂದರೆ 4 ಮೈಕ್ರೋವೋಲ್ಟ್. ಮೇಲಿನ ಲೆಕ್ಕ ಹಾಕಿ ನೋಡಿ, ಕೇಳುವುದಿಲ್ಲ. ನೇರವಾಗಿ ಕೊಡುವುದರಲ್ಲಿ ನನ್ನ ತಕರಾರು ಬೇರೆ. ಯಾವುದೋ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ವಾಲ್ಯೂಮ್ ನೂರಕ್ಕೆ ಹಾರಿದರೆ 1.2 ವೋಲ್ಟ್ ಸಾಕಾದ ಆಂಪಿಗೆ 4 ವೋಲ್ಟ್ ಬಡಿಯುತ್ತದೆ. ಟ್ವೀಟರ್ ಹೋದ ಮೇಲೆ ತಪ್ಪು ಯಾರದು ಎಂದು ಹುಡುಕಿ ಪ್ರಯೋಜನವಿಲ್ಲ. ಆದ್ದರಿಂದ ನೇರ ಕೊಡುವುದಾದರೆ ನಡುವೆ ಒಂದು ಜೊತೆ ಎಕ್ಸ್‌ಎಲ್‌ಆರ್ ಪ್ಯಾಡ್ (ಸಿಗ್ನಲ್ ಇಳಿಸುವ ತುಂಡು) ಹಾಕಿ, 10 ಅಥವಾ 20 ಡೆಸಿಬೆಲ್‌ನದು. ಬೆರಳುದ್ದದ ಸಾಮಾನು. ಪ್ರೀಆಂಪಿನ ಬೆಲೆಗೆ ಹೋಲಿಸಿದರೆ ಅದು ಲೆಕ್ಕಕ್ಕೇ ಬಾರದು. ಪವರ್ ಆಂಪಿನಲ್ಲಿ ಗೇನ್ ಕಡಿಮೆ ಮಾಡುವ ಸ್ವಿಚ್ ಇದೆಯೇ ಎಂದೂ ನೋಡಿ, ಎಷ್ಟೋ ಆಂಪ್‌ಗಳ ಹಿಂದೆ ಯಾರೂ ಮುಟ್ಟದ ಆ ಸ್ವಿಚ್ ಸುಮ್ನೆ ಕೂತಿರುತ್ತದೆ.

ನಿಜ ಹೇಳಬೇಕೆಂದರೆ ಇದನ್ನು ಮೊದಲು ಮಾಡಿ, ಒಂದಷ್ಟು ವಾರ ಕೇಳಿ. ಅದರಲ್ಲೇ ತೃಪ್ತಿಯಾದರೆ ಡಿಜಿಟಲ್ ಕೇಳುವುದಕ್ಕೆ ನಿಮಗೆ ಪ್ರೀಆಂಪ್ ಬೇಕಾಗಿಲ್ಲ.

ಆದರೆ ಟರ್ನ್‌ಟೇಬಲ್ ಇದೆಯಲ್ಲ. ಪ್ರೀಆಂಪಿಗೆ ನಿಮ್ಮ ಮನೆಯಲ್ಲಿ ನಿಜವಾದ ಕೆಲಸ ಇರುವುದು ಅಲ್ಲೇ. ಎಂಎಂ ಕಾರ್ಟ್ರಿಜ್ 5 ಮಿಲಿವೋಲ್ಟ್ ಕೊಟ್ಟರೆ, 40 ಡೆಸಿಬೆಲ್‌ನ ಫೋನೋ ಸ್ಟೇಜ್ ಅದನ್ನು ನೂರು ಪಟ್ಟು ಮಾಡಿ ಅರ್ಧ ವೋಲ್ಟಿಗೆ ತರುತ್ತದೆ. ನಿಮ್ಮ ಡ್ಯಾಕಿಗಿಂತ ಅದು 18 ಡೆಸಿಬೆಲ್ ಕೆಳಗೆ. ರೆಕಾರ್ಡ್ ಕೇಳಿ ಮುಗಿಸಿ ನಾಬ್ ಇಳಿಸದೆ ಡ್ಯಾಕಿಗೆ ತಿರುಗಿಸಿದರೆ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ಹಾಗಾಗಿ ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆ ಮಟ್ಟ ಹೊಂದಿಸುವ ಸೌಲಭ್ಯ ಇರುವ ಪ್ರೀಆಂಪ್ ಹುಡುಕಿ. ಫೋನೋ ಒಳಗೇ ಇರಬೇಕೋ ಬೇರೆ ಪೆಟ್ಟಿಗೆಯೋ ಎಂದರೆ, ನಾನು ಬೇರೆಯದೇ ಎನ್ನುತ್ತೇನೆ. ಇವತ್ತು ಎಂಎಂ, ನಾಳೆ ಇನ್ನೂ ಕಡಿಮೆ ವೋಲ್ಟೇಜ್ ಕೊಡುವ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ತಂದರೆ 60 ಡೆಸಿಬೆಲ್ ಬೇಕಾಗುತ್ತದೆ. ಆಗ ಇಡೀ ಪ್ರೀಆಂಪ್ ಬದಲಿಸುವ ತಾಪತ್ರಯ ಇರುವುದಿಲ್ಲ.

ಎಕ್ಸ್‌ಎಲ್‌ಆರ್ ಬಗ್ಗೆ ನೀವು ಕೇಳಿಲ್ಲ, ಆದರೂ ಅಂಗಡಿಯಲ್ಲಿ ಖಂಡಿತ ಅದರ ಮಾತು ಬರುತ್ತದೆ. ಎಕ್ಸ್‌ಎಲ್‌ಆರ್‌ನ ಬ್ಯಾಲೆನ್ಸ್ಡ್ ಜೋಡಣೆಯ ನಿಜವಾದ ಲಾಭ ಹಮ್ ಮತ್ತು ಹೊರಗಿನ ಗದ್ದಲವನ್ನು ತಡೆಯುವುದು. ಕೇಬಲ್ ಉದ್ದ ಇದ್ದಾಗ, ಎರಡು ಪೆಟ್ಟಿಗೆ ಬೇರೆ ಬೇರೆ ಪ್ಲಗ್‌ನಲ್ಲಿದ್ದಾಗ ಅದು ಬಹಳ ಉಪಯೋಗ. ಒಂದು ಮೀಟರ್ ಕೇಬಲ್ಲಿಗೆ, ಹಮ್ ಇಲ್ಲದ ಕಡೆ, ವ್ಯತ್ಯಾಸ ಹುಡುಕುವುದು ಕಷ್ಟ. ಮತ್ತೆ ಜನ ಎಕ್ಸ್‌ಎಲ್‌ಆರ್ ಹಾಕಿದ ತಕ್ಷಣ "ಆಹಾ" ಎನ್ನುವುದು ಯಾಕೆ? 2 ವೋಲ್ಟಿನ ಬದಲು 4 ವೋಲ್ಟ್ ಬಂತು, 6 ಡೆಸಿಬೆಲ್ ಜೋರಾಯಿತು, ಅಷ್ಟೆ.

ಈ ಜೋರಿನ ಮೋಸ ಪ್ರೀಆಂಪ್ ಹೋಲಿಸುವಾಗಲೂ ನಿಮ್ಮನ್ನು ಹಿಡಿಯುತ್ತದೆ. ಅರ್ಧ ಡೆಸಿಬೆಲ್ ಹೆಚ್ಚಾದರೆ ಕಿವಿಗೆ "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಆದ್ದರಿಂದ ಸಾಧ್ಯವಾದರೆ ಪೆಟ್ಟಿಗೆಯನ್ನು ಮನೆಗೆ ತರಿಸಿಕೊಳ್ಳಿ. ಒಂದೇ ಟೆಸ್ಟ್ ಟೋನ್ ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರಿನ ತುದಿಗಳಲ್ಲಿ ಅಳೆಯಿರಿ. ಎರಡೂ ಪ್ರೀಆಂಪ್‌ನಲ್ಲಿ ಓದು ಶೇಕಡಾ ಒಂದರೊಳಗೆ ಒಂದೇ ಆಗಿರಲಿ, ಅಂದರೆ 0.1 ಡೆಸಿಬೆಲ್. ಆಮೇಲೆ ಕೇಳಿ. ಮೊದಲು ಹಗಲು-ರಾತ್ರಿಯಷ್ಟು ಬೇರೆ ಅನ್ನಿಸಿದ ಎಷ್ಟೋ ವ್ಯತ್ಯಾಸ ಇಲ್ಲಿ ಮಾಯವಾಗುತ್ತದೆ. ಉಳಿದದ್ದಿದೆಯಲ್ಲ, ದುಡ್ಡು ಕೊಡಬೇಕಾದದ್ದು ಅದಕ್ಕೆ.

ಮನೆಗೆ ಬಂದಾಗ ಇನ್ನೂ ಕೆಲವನ್ನು ನೋಡಿ. ಮೋನೋ ರೆಕಾರ್ಡಿಂಗ್ ಒಂದನ್ನು ಹಾಕಿ, ರಾತ್ರಿ ಕೇಳುವ ಮಟ್ಟಕ್ಕೆ, ಅದಕ್ಕಿಂತ ಕೆಳಕ್ಕೂ ನಿಧಾನ ಇಳಿಸುತ್ತಾ ಬನ್ನಿ. ದನಿ ನಡುವಿನಿಂದ ಜಾರಿದರೆ ಆ ಪೆಟ್ಟಿಗೆ ವಾಪಸ್. ಹಾಡು ನಿಲ್ಲಿಸಿ ಟ್ವೀಟರಿಗೆ ಕಿವಿ ಇಟ್ಟು ಹಿಸ್ ಕೇಳಿ. ಡ್ಯಾಕಿನಲ್ಲಿ ಹಾಡು ಓಡುತ್ತಿರಲಿ, ಪ್ರೀಆಂಪನ್ನು ಖಾಲಿ ಇನ್‌ಪುಟ್‌ಗೆ ತಿರುಗಿಸಿ, ವಾಲ್ಯೂಮ್ ಹುಷಾರಾಗಿ ಏರಿಸಿ. ತೆಳ್ಳಗೆ, ದೂರದ ರೇಡಿಯೋದಂತೆ ಹಾಡು ಕೇಳಿಸಿದರೆ ಒಳಗೆ ಒಂದು ಇನ್‌ಪುಟ್ ಇನ್ನೊಂದಕ್ಕೆ ಸೋರುತ್ತಿದೆ. ವಾಲ್ಯೂಮ್ ಕೆಳಗಿಳಿಸಿದ ಮೇಲೆಯೇ ಇನ್‌ಪುಟ್ ಬದಲಿಸಿ, ಮರೆಯಬೇಡಿ. ಆನ್ ಆಫ್ ಮಾಡುವಾಗ ಧಡ್ ಅನ್ನುತ್ತದೆಯೇ? ಒಳ್ಳೆಯ ಪ್ರೀಆಂಪಿನಲ್ಲಿ ಒಂದು ರಿಲೇ ಇದ್ದು ಒಳಗಿನದೆಲ್ಲ ನೆಲೆಗೊಳ್ಳುವ ತನಕ ಬಾಯಿ ಮುಚ್ಚಿಸಿರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಆ ಸಾಲಿಡ್ ಸ್ಟೇಟ್ ತೆಗೆದುಕೊಂಡು, ಗೇನನ್ನು 0ಗೆ ಇಟ್ಟು, ಟರ್ನ್‌ಟೇಬಲ್ಲಿನ ಇನ್‌ಪುಟ್‌ಗೆ ಮಾತ್ರ 12 ಕೊಡುತ್ತಿದ್ದೆ. ಗೇನ್ ಒಂದೊಂದು ಇನ್‌ಪುಟ್‌ಗೂ ಬೇರೆ ಇಡಬಹುದೇ, ಒಟ್ಟಿಗೇ ಬದಲಾಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಒಟ್ಟಿಗೇ ಎಂದಾದರೆ ಫೋನೋ ಸ್ಟೇಜನ್ನೇ ಸ್ವಲ್ಪ ಜಾಸ್ತಿ ಗೇನಿನದು ತಂದರೂ ಆಗುತ್ತದೆ.

ಟ್ಯೂಬ್ ಆಸೆ ಬಿಡುವುದಿಲ್ಲವೆಂದರೆ ಅದಕ್ಕೂ ದಾರಿಯಿದೆ. ಗೇನ್ 10 ಡೆಸಿಬೆಲ್ ಒಳಗಿರುವ, ಕ್ಯಾಥೋಡ್ ಫಾಲೋವರ್ ಔಟ್‌ಪುಟ್ (ಔಟ್‌ಪುಟ್ ಇಂಪಿಡೆನ್ಸ್ ಇಳಿಸುವ ಟ್ಯೂಬ್ ಜೋಡಣೆ) ಮತ್ತು ದೊಡ್ಡ ಕೆಪಾಸಿಟರ್ ಇರುವ ಮಾದರಿ ಹುಡುಕಿ, ಅಥವಾ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದನ್ನು. ಕಾನ್ರಾಡ್-ಜಾನ್ಸನ್‌ನ ಅನೇಕ ಪ್ರೀಆಂಪುಗಳು ಸಿಗ್ನಲಿನ ಫೇಸನ್ನು (ಪ್ಲಸ್-ಮೈನಸ್) ತಿರುವುಮುರುವು ಮಾಡುತ್ತವೆ, ಅಂಥದ್ದು ಬಂದರೆ ಎರಡೂ ಸ್ಪೀಕರಿನ ಕೆಂಪು-ಕಪ್ಪು ತಂತಿ ಅದಲುಬದಲು ಮಾಡಿದರಾಯಿತು. ಬಳಸಿದ ಪೆಟ್ಟಿಗೆ ಕೊಳ್ಳುವುದಾದರೆ ಪೆನ್ಸಿಲಿನ ತುದಿಯಿಂದ ಟ್ಯೂಬನ್ನು ಮೆಲ್ಲಗೆ ತಟ್ಟಿ ನೋಡಿ. ಸ್ಪೀಕರಿನಲ್ಲಿ ಗಂಟೆಯಂತೆ ಟಿಣ್ ಅಂದರೆ ಆ ಟ್ಯೂಬ್ ಬದಲಿಸಬೇಕು. ರಿಮೋಟ್ ಇದೆಯೇ ಕೇಳಿ, ಹಳೆಯ ಪ್ರೀಆಂಪಿಗೆ ಕಳೆದುಹೋದ ರಿಮೋಟ್ ಹುಡುಕುವುದು ಟ್ಯೂಬ್ ಹುಡುಕುವುದಕ್ಕಿಂತ ಕಷ್ಟ. ಆನ್ ಮಾಡುವಾಗ ಮೊದಲು ಪ್ರೀಆಂಪ್, ಅದು ಬಿಸಿಯಾದ ಮೇಲೆ ಪವರ್ ಆಂಪ್. ಆಫ್ ಮಾಡುವಾಗ ಮೊದಲು ಪವರ್ ಆಂಪ್, ಅರ್ಧ ನಿಮಿಷ ಬಿಟ್ಟು ಪ್ರೀಆಂಪ್.